ಕಾಶಿಗೆ ಹೋಗದ ಚಿಕ್ಕಮ್ಮ

ಚಿಕ್ಕಮ್ಮನ ಹೊಟ್ಟೆಯ ಮುಂದೆ ಯಾವಾಗಲೂ ಏನಾದರೊಂದು ಇರುತ್ತಿತ್ತು. ಮೊರ, ಹಾಲಿನ ಕ್ಯಾನು, ಒಗೆದ ಬಟ್ಟೆಯ ಗಂಟು, ಏನೂ ಸಿಗದಿದ್ದರೆ ಪಕ್ಕದ ಮನೆಯ ಕೂಸು. ಫೋಟೋ ತೆಗೆಯುವಾಗಲಂತೂ ಯಾವುದಾದರೂ ಮಗುವನ್ನು ಎಳೆದು ಎದುರಿಗೆ ನಿಲ್ಲಿಸಿಕೊಳ್ಳುತ್ತಿದ್ದಳು. ನಮ್ಮ ಮನೆಯ ಆಲ್ಬಮ್ಮಿನಲ್ಲಿ ಅವಳ ಮುಖವಿದೆ, ಭುಜವಿದೆ, ಅದರ ಕೆಳಗೆ ಯಾರದೋ ಮಗುವಿನ ತಲೆಯಿದೆ. ಇಡೀ ಚಿಕ್ಕಮ್ಮ ಒಂದರಲ್ಲೂ ಇಲ್ಲ.

ಅವಳು ನನ್ನ ಅಮ್ಮನ ತಂಗಿ. ನಮ್ಮದು ಕಿರಂಗೂರು. ಅವಳನ್ನು ಕೊಟ್ಟದ್ದು ಕ್ಯಾತನಹಳ್ಳಿಗೆ, ಕಬ್ಬು, ಎಮ್ಮೆ, ಡೈರಿ ಎಂದು ಬೆಳಕು ಹರಿಯುವ ಮೊದಲೇ ಏಳುವ ಮನೆಗೆ. ದುಡಿದು ದುಡಿದು ಕೈಕಾಲು ಕಡ್ಡಿಯಾಗಿದ್ದವು. ಮೂರನೆಯ ಹೆರಿಗೆಯ ನಂತರ ಹೊಟ್ಟೆ ಮಾತ್ರ ಇಳಿಯಲಿಲ್ಲ. ಹುರುಳಿ ಕಟ್ಟು ಕುಡಿದಳು, ರಾತ್ರಿ ಊಟ ಬಿಟ್ಟಳು, ನಾಲೆ ಏರಿಯ ಮೇಲೆ ಸುಸ್ತಾಗುವಷ್ಟು ನಡೆದಳು. ಕೆನ್ನೆ ಬತ್ತಿತು, ಹೊಟ್ಟೆ ಹಾಗೇ ಉಳಿಯಿತು. "ನನ್ ಮೈ ನನ್ ಮಾತು ಕೇಳ್ಬೇಕು ಕಣೆ, ಇದೇನು ಮೊಂಡು ಬಿದ್ದಂಗೆ ಬಿದ್ದೈತೆ" ಎಂದು ಮಾತುಮಾತಿಗೂ ಅನ್ನುತ್ತಿದ್ದಳು. ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸರು "ಎಷ್ಟ್ ತಿಂಗ್ಳವ್ವ?" ಎಂದು ಎದ್ದು ಸೀಟು ಬಿಟ್ಟುಕೊಡುತ್ತಿದ್ದರು. ಪಿಯುಸಿ ಓದುವ ಮಗಳ ಪಕ್ಕದಲ್ಲಿ ನಿಂತವಳು ಏನು ಹೇಳಿಯಾಳು?

ತೊಂಬತ್ತರ ದಶಕದ ನಡುವಿನ ಮಾತು. ಕೆ.ಆರ್. ಪೇಟೆಯ ನೆಂಟರ ಮನೆಯಲ್ಲಿ ಸೀಮಂತ. ಕಣ್ಣು ಮಂಜಾದ ಮುದುಕಿಯೊಬ್ಬಳು ಬಸುರಿಗೆ ತುಂಬಬೇಕಾದ ಮಡಿಲಕ್ಕಿಯನ್ನು ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮನ ಮಡಿಲಿಗೆ ಸುರಿದು, "ಗಂಡಾಗ್ಲಿ ಕಣವ್ವ" ಎಂದು ಹರಸಿಬಿಟ್ಟಳು. ಚಪ್ಪರವೆಲ್ಲ ನಕ್ಕಿತು. ಚಿಕ್ಕಮ್ಮನೂ ನಕ್ಕಳು. ಬಸ್ಸಿನಲ್ಲಿ ವಾಪಸು ಬರುವಾಗ ಚೀಲವನ್ನು ಹೊಟ್ಟೆಗೆ ಅವಚಿಕೊಂಡು ಕೂತಿದ್ದಳು. ನನಗೆ ಅಂದು ನಕ್ಕವರ ಮೇಲೆಲ್ಲ ಇವತ್ತಿಗೂ ಸಿಟ್ಟಿದೆ.

ಅಕ್ಕಿಹೆಬ್ಬಾಳಿನ ಅವಳ ಗೆಳತಿಯೊಬ್ಬಳು ಸಿಂಗಪುರದಲ್ಲಿ ನರ್ಸಾಗಿದ್ದಳು. ರಜೆಗೆ ಬಂದಾಗ, ಅಲ್ಲಿ ಹೊಟ್ಟೆಯ ಕೊಬ್ಬನ್ನು ಸಣ್ಣ ಕೊಳವೆ ತೂರಿಸಿ ಎಳೆದು ತೆಗೆಯುತ್ತಾರೆ ಎಂದು ಹೇಳಿದಳು. ಚಿಕ್ಕಮ್ಮ ಮರುಮಾತಿಲ್ಲದೆ ಹೊರಟು ನಿಂತಳು. ತನ್ನ ಎಮ್ಮೆಗಳ ಹಾಲಿನ ದುಡ್ಡು ಕೂಡಿಟ್ಟಿದ್ದಳು, ಯಾರ ಕೈ ಕಾಯಬೇಕಾಗಿರಲಿಲ್ಲ. ಮಾತು ಕಡಿಮೆಯ ಚಿಕ್ಕಪ್ಪ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದ. "ಅವ್ವಂಗೆ ಏನೇಳದು?"

ಅವ್ವ ಎಂದರೆ ಚಿಕ್ಕಮ್ಮನ ಅತ್ತೆ. ಕಾಯಿಲೆಗಲ್ಲದೆ ಚೆಂದಕ್ಕೆ ಮೈಗೆ ಕತ್ತಿ ತಾಗಿಸುವುದನ್ನು ಆ ಅಜ್ಜಿ ಒಪ್ಪುವವಳಲ್ಲ. ಊರವರಂತೂ ಆಡಿಕೊಂಡು ನಗುತ್ತಾರೆ. ಕೊನೆಗೆ ದಾರಿ ತೋರಿಸಿದವನೂ ಚಿಕ್ಕಪ್ಪನೇ. "ಯಾತ್ರೆ ಬಸ್ನಾಗೆ ಕಾಶಿಗೆ ಓಯ್ತಾಳೆ ಅಂದ್ಬುಡಾನ."

ಪಾಸ್‌ಪೋರ್ಟನ್ನು ಕಿರಂಗೂರಿನ ವಿಳಾಸದಲ್ಲಿ ಗುಟ್ಟಾಗಿ ಮಾಡಿಸಿದೆವು. ಇಂಗ್ಲಿಷ್ ಬರುತ್ತದೆಂದು ನಾನೂ, ಯಾತ್ರೆ ಬಸ್ಸಿಗೆ ಬಿಟ್ಟು ಬರುವ ನೆಪದಲ್ಲಿ, ಜೊತೆಗೆ ಹೊರಟೆ. ಹೊರಡುವ ದಿನ ಅಜ್ಜಿ ಸೊಸೆಯ ಸೆರಗಿಗೆ ಅರಿಶಿನದ ಕೊಂಬು ಕಟ್ಟಿ, "ನಿಮ್ಮಾವನ ಎಸ್ರೇಳಿ ಗಂಗೇಲಿ ಒಂದ್ ಮುಳುಗಾಕವ್ವ. ನಂಗೊಂದು ಗಿಂಡಿ ಗಂಗೆ ತತ್ತಾ. ಪ್ರಾಣ ಓಗೋವಾಗ ಬಾಯಿಗೆ ಬುಡ್ಸ್ಕಂಡು ಓಯ್ತೀನಿ" ಎಂದಳು. ಚಿಕ್ಕಮ್ಮ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದಳು. ಅಲ್ಲೇ ನಿಂತುಬಿಡುತ್ತಾಳೆ ಎಂದುಕೊಂಡೆ, ಆದರೆ ಬಸ್ಸು ಹತ್ತಿದಳು.

ಸಿಂಗಪುರ ಹೇಗಿತ್ತೆಂದು ಕೇಳಿದರೆ ನನಗೆ ನೆನಪಿರುವುದು ಆಸ್ಪತ್ರೆಯ ಬಚ್ಚಲು. ಆಪರೇಷನ್ನಿಗೆ ಮೊದಲು ಔಷಧಿಯ ಸೋಪಿನಲ್ಲಿ ಮೀಯಬೇಕಿತ್ತು. ಬಾಗಿಲ ಹೊರಗೆ ನಿಂತ ನನಗೆ, ಅವಳು ಒಂದು ಮಗ್ಗು ನೀರು ತಲೆಯ ಮೇಲೆ ಹೊಯ್ದುಕೊಂಡು, ತೀರಿಹೋದ ಮಾವನ ಹೆಸರು ಹೇಳಿದ್ದು ಕೇಳಿಸಿತು. ಆಪರೇಷನ್ ಆದಮೇಲೆ ಹೊಟ್ಟೆಯೆಲ್ಲ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಉಸಿರು ಕಟ್ಟುವಷ್ಟು ಬಿಗಿಯಾದ ಪಟ್ಟಿಯನ್ನು ವಾರಗಟ್ಟಲೆ ತೊಟ್ಟಿರಬೇಕೆಂದು ಡಾಕ್ಟರು ಹೇಳಿದರು. ನೋವಿಗೆ ತುಟಿ ಕಚ್ಚಿದಳೇ ಹೊರತು ಅಯ್ಯೋ ಅನ್ನಲಿಲ್ಲ.

ವಾಪಸು ಬಂದಾಗ ಶ್ರೀರಂಗಪಟ್ಟಣದಲ್ಲಿ ಚಿಕ್ಕಪ್ಪ ಕಾಯುತ್ತಿದ್ದ. ಕೈಯಲ್ಲಿ ತಾಮ್ರದ ಗಿಂಡಿ. ಸಂಗಮದಲ್ಲಿ ಕಾವೇರಿ ನೀರು ತುಂಬಿ, ಪರಿಚಯದ ಆಚಾರಿಯಿಂದ ಬಾಯಿಗೆ ಬೆಸುಗೆ ಹಾಕಿಸಿದ್ದ. ಥೇಟು ಕಾಶಿಯಿಂದ ಬಂದ ಗಿಂಡಿಯೇ. "ತಪ್ಪಲ್ವಾ?" ಎಂದಳು ಚಿಕ್ಕಮ್ಮ. "ಈಗ ಕೇಳ್ತೀಯಾ?" ಎಂದ ಅವನು.

ಕಾಶಿಗೆ ಹೋಗಿ ಬಂದವರ ಪಾದ ತೊಳೆದು ನಮಸ್ಕಾರ ಮಾಡುವುದು ನಮ್ಮ ಕಡೆಯ ಪದ್ಧತಿ. ಅದನ್ನು ನಾವು ಮೂವರೂ ಮರೆತಿದ್ದೆವು. ಬೀದಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಚಿಕ್ಕಮ್ಮನ ಕಾಲಿಗೆ ಬಿದ್ದರು. ಬಗ್ಗಿ ಎತ್ತಲಾರದೆ ಅವಳು ಕಂಬ ಹಿಡಿದು ನಿಂತಿದ್ದಳು. ಕೊನೆಗೆ ಅಜ್ಜಿಯೂ ಸೊಸೆಯ ಪಾದಕ್ಕೆ ಬಗ್ಗಿದಳು. ಚಿಕ್ಕಮ್ಮ ಬೆಚ್ಚಿ ಹಿಂದೆ ಸರಿದಳು, ಸರಿದ ರಭಸಕ್ಕೆ ಗಾಯ ಜಗ್ಗಿ ಚೀರಿದಳು. "ಬ್ಯಾಡಿ ಅತ್ತೆ, ನಿಮ್ ದಮ್ಮಯ್ಯ." ಅಜ್ಜಿ ಬಿಡಲಿಲ್ಲ. "ನಿಂಗಲ್ಲ ಕಣೆ. ಕಾಶಿ ಮಣ್ಣು ತುಳ್ದಿರೋ ಪಾದಕ್ಕೆ."

ಅದೇ ವಾರ ಒಂದು ಗಾಯ ಒಸರತೊಡಗಿ ಜ್ವರ ಬಂತು. ಪಾಂಡವಪುರದ ಡಾಕ್ಟರಲ್ಲಿಗೆ ಹೋದರೆ ಊರಿಗೆಲ್ಲ ತಿಳಿಯುತ್ತದೆಂದು, ಮೈ ಸುಡುತ್ತಿದ್ದವಳನ್ನು ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಕರೆದೊಯ್ದೆ. ದಾರಿಯುದ್ದಕ್ಕೂ ನನ್ನ ಮಣಿಕಟ್ಟು ಹಿಡಿದಿದ್ದಳು. ಸತ್ತುಹೋಗುತ್ತಾಳೇನೋ, ಸತ್ತರೆ ಅಜ್ಜಿಗೆ ಏನು ಹೇಳುವುದು ಎಂಬುದೇ ನನ್ನ ಭಯವಾಗಿತ್ತು. ಗಾಯ ಮಾಗಿತು. ಹೊಟ್ಟೆಯೂ ಇಳಿಯಿತು. ಅಜ್ಜಿ ಕಂಡಕಂಡವರಿಗೆ "ಗಂಗೇಲಿ ಮುಳುಗಿದ್ಕೇ ನಮ್ ಉಡುಗಿ ಮೈ ಅಗುರಾಯ್ತು" ಎಂದು ಹೇಳಿಕೊಂಡು ತಿರುಗಿದಳು. ಪದ್ಧತಿಯಂತೆ ಕಾಶಿಯಲ್ಲಿ ಯಾವ ತಿನಿಸು ಬಿಟ್ಟು ಬಂದೆ ಎಂದು ಯಾರೋ ಕೇಳಿದ್ದಕ್ಕೆ ಚಿಕ್ಕಮ್ಮ ಬಾಯಿಗೆ ಬಂದಂತೆ "ಬದ್ನೆಕಾಯಿ" ಅಂದಿದ್ದಳು. ಪ್ರಾಣದಷ್ಟು ಇಷ್ಟದ ಬದನೆಕಾಯಿ ಎಣ್ಣೆಗಾಯಿ ಮನೆಯಲ್ಲಿ ಘಮಘಮ ಅನ್ನುವಾಗ ಅವಳು ಮಜ್ಜಿಗೆ ಅನ್ನ ತಿನ್ನುತ್ತಿದ್ದಳು.

ಗಿಂಡಿ ದೇವರ ಗೂಡಿನಲ್ಲಿತ್ತು. ಅಜ್ಜಿ ದಿನವೂ ಅದಕ್ಕೆ ಕುಂಕುಮವಿಟ್ಟು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಚಿಕ್ಕಮ್ಮ ಆ ಗೂಡಿನ ಕಡೆ ನೋಡುವುದನ್ನೇ ಬಿಟ್ಟಳು.

ಮರುವರ್ಷ ಅಜ್ಜಿಗೆ ಲಕ್ವ ಹೊಡೆಯಿತು. ಒಂದು ಪಕ್ಕ ಬಿದ್ದುಹೋಯಿತು, ಮಾತು ತೊದಲಿತು. ಆಡುವ ಕೈ ಎತ್ತಿ ಗೂಡು ತೋರಿಸುವುದನ್ನು ಮಾತ್ರ ಮರೆಯಲಿಲ್ಲ. ಒಂದು ಮಧ್ಯಾಹ್ನ ನಾನು ಅಲ್ಲಿದ್ದೆ. ಗಂಜಿ ಕುಡಿಸುತ್ತಿದ್ದ ಚಿಕ್ಕಮ್ಮ ಬಟ್ಟಲು ಕೆಳಗಿಟ್ಟು, ಇದ್ದಕ್ಕಿದ್ದಂತೆ ಎಲ್ಲವನ್ನೂ ಹೇಳಿಬಿಟ್ಟಳು. ಸಿಂಗಪುರ, ಕೊಳವೆ, ಸಂಗಮದ ನೀರು, ಯಾವುದನ್ನೂ ಬಿಡಲಿಲ್ಲ. ಅಜ್ಜಿ ರೆಪ್ಪೆ ಹೊಡೆಯದೆ ಕೇಳಿದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು.

ಅಂದಿನಿಂದ ಸೊಸೆಯ ಕೈಯಿಂದ ಒಂದು ತುತ್ತೂ ತಿನ್ನಲಿಲ್ಲ. ಮೊಮ್ಮಗಳು ಕೊಟ್ಟರೆ ಮಾತ್ರ ಬಾಯಿ ತೆರೆಯುತ್ತಿದ್ದಳು. ಚಿಕ್ಕಪ್ಪ ಸಿಡುಕಿದ. "ಸಾಯೋಳ್ಗೆ ಯಾಕೇಳಕ್ಕೋದೆ? ನೆಮ್ಮದಿಯಾಗಿ ಓಗ್ತಿದ್ಲು." ಚಿಕ್ಕಮ್ಮ ಹಿತ್ತಲಲ್ಲಿ ಎಮ್ಮೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅಳುವುದನ್ನು ನಾನು ನೋಡಿದೆ. ಅವಳು ಅತ್ತದ್ದನ್ನು ನೋಡಿದ್ದು ಅದೇ ಮೊದಲು.

ಕೊನೆಯ ದಿನ ಬಂತು. ನೆಂಟರೆಲ್ಲ ಹಜಾರದಲ್ಲಿ ಸೇರಿದ್ದರು. ಚಿಕ್ಕಪ್ಪ ಬೆಸುಗೆ ಒಡೆದು, ನೀರಿಗೆ ತುಳಸಿ ಹಾಕಿ, ಚಮಚವನ್ನು ತಾಯಿಯ ತುಟಿಗಿಟ್ಟ. ತುಟಿ ಬಿಗಿದುಕೊಂಡಿತು. ಮತ್ತೆ ಇಟ್ಟ. ನೀರು ಗಲ್ಲದ ಮೇಲೆ ಇಳಿಯಿತು. ಗುಸುಗುಸು ಶುರುವಾಯಿತು. "ಗಂಗೆ ಒಳೀಕೆ ಓಯ್ತಿಲ್ವಲ್ಲ, ಏನ್ ಕರ್ಮ ಮಾಡಿದ್ಲೋ" ಎಂದರು ಯಾರೋ. ಅಜ್ಜಿಯ ನಾದಿನಿ ಗಟ್ಟಿಯಾಗಿ, "ಕಾಶಿಗೆ ಓಗ್ಬಂದೋಳೇ ಆಕ್ಲಿ, ಕರೀರಿ ಅವ್ಳ" ಎಂದಳು.

ಚಿಕ್ಕಮ್ಮ ಬಂದು ಚಮಚ ತೆಗೆದುಕೊಂಡಳು. ಒಂದು ಕ್ಷಣ ಅಜ್ಜಿಯ ಮುಖ ನೋಡಿ, ಚಮಚದ ನೀರನ್ನು ಗಿಂಡಿಗೇ ಸುರಿದು, ನೆಂಟರ ಕಡೆ ತಿರುಗಿದಳು.

"ಅತ್ತೆ ಏನೂ ಕರ್ಮ ಮಾಡಿಲ್ಲ. ಇದು ಗಂಗೆ ಅಲ್ಲ. ನಾನು ಕಾಶಿಗೆ ಓಗಿಲ್ಲ. ಸಿಂಗಪುರಕ್ಕೋಗಿ ಒಟ್ಟೆ ಕೊಬ್ಬು ತೆಗಸ್ಕಂಡ್ ಬಂದೆ."

ಯಾರೋ ಥೂ ಅಂದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಚಿಕ್ಕಪ್ಪ ತಲೆ ಎತ್ತಲಿಲ್ಲ. ಅವಳು ನೇರ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತಂದು ಮಂಚದ ಪಕ್ಕ ಮಂಡಿಯೂರಿದಳು. "ಅತ್ತೆ, ಇದು ಕೊಡದ್ ನೀರು. ಬೆಳಿಗ್ಗೆ ನಾನೇ ಸೇದಿ ತಂದಿದ್ದು."

ಅಜ್ಜಿಯ ತುಟಿ ತೆರೆಯಿತು. ಸೊಸೆಯ ಕೈಯಿಂದ ಗುಟುಕು ಗುಟುಕಾಗಿ, ಗಂಟಲು ಅಲುಗುವುದು ನಮಗೆಲ್ಲ ಕಾಣುವ ಹಾಗೆ ಕುಡಿದಳು. ಸಂಜೆಯೊಳಗೆ ಹೋಗಿಬಿಟ್ಟಳು.

ಊರು ಸುಮ್ಮನಿರಲಿಲ್ಲ. ವರ್ಷಗಟ್ಟಲೆ ಅವಳನ್ನು ಸಿಂಗಪುರದಮ್ಮ ಎಂದೇ ಕರೆಯಿತು. "ಊಂ ಕಣವ್ವ, ನೀನೂ ಓಗೋದಾದ್ರೆ ಯೋಳು, ಡಾಕ್ಟ್ರು ಗೊತ್ತವ್ರೆ" ಎಂದು ಅವಳು ಬಾಯಿ ಮುಚ್ಚಿಸುತ್ತಿದ್ದಳು. ಒಮ್ಮೆ ನಾನೇ ಕೇಳಿದೆ, ಅಲ್ಲಿಗೆ ಹೋಗಿದ್ದಕ್ಕೆ ಬೇಜಾರಿದೆಯಾ ಎಂದು. "ತೆಗಸ್ಕಂಡಿದ್ಕೆ ಇಲ್ಲ. ಅದು ನನ್ ಮೈ. ಆ ಮುದುಕಿ ಕೈಲಿ ಕಾಲ್ ಮುಟ್ಟುಸ್ಕಂಡ್ನಲ್ಲ, ಅದ್ಕೈತೆ."

ಆಮೇಲೆ ನಾಗಮಂಗಲದ ಕಡೆಯವರು ನನ್ನನ್ನು ನೋಡಲು ಬಂದರು. ನನ್ನ ಮಂಡಿಯ ಕೆಳಗೆ ಅಂಗೈಯಗಲದ ತೊನ್ನು. ಮದುವೆಯಾಗುವ ತನಕ ಬಾಯಿಬಿಡಬೇಡ ಎಂದು ಅಮ್ಮ ಆಣೆ ಹಾಕಿಸಿದ್ದಳು. ಕಾಫಿ ಕೊಟ್ಟವಳು ಅಲ್ಲೇ ನಿಂತು ಹೇಳಿಬಿಟ್ಟೆ. ಉಪ್ಪಿಟ್ಟು ಅರ್ಧಕ್ಕೆ ಬಿಟ್ಟು ಎದ್ದು ಹೋದರು. ಅಮ್ಮ ಗೋಳಾಡಿದಳು. ಚಿಕ್ಕಮ್ಮ ಮಾತ್ರ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತ, "ಓಗ್ಲಿ ಬುಡು. ಎದ್ರ್ಕಂಡು ಸಂಸಾರ ಮಾಡೋದು ಎಂಗಿರ್ತದೆ ಅಂತ ನಂಗೊತ್ತು" ಎಂದಳು.

ಆಮೇಲೆ ಬಂದವರು ಕೇಳಿಸಿಕೊಂಡೂ ಉಪ್ಪಿಟ್ಟು ಮುಗಿಸಿದರು. ಚಿಕ್ಕಮ್ಮ ತೀರಿಕೊಂಡು ಈಗ ಕೆಲವು ವರ್ಷವಾಯಿತು. ನಾನು ಪ್ರತಿದಿನ ಬೆಳಿಗ್ಗೆ, ಬೀದಿಯಲ್ಲಿ ಜನ ಓಡಾಡುತ್ತಿರುವಾಗಲೇ, ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿ ಬಾಗಿಲಿಗೆ ನೀರು ಹಾಕುತ್ತೇನೆ.