ಸಾಮಾನು ಕಾಯುವವರ ದ್ವೀಪ

ನಿನ್ನೆ ಮಧ್ಯಾಹ್ನ ನಮ್ಮ ಊಟದ ಮೇಜಿನ ಮೇಲೆ ಶೇಂಗಾ ಚಟ್ನಿಯ ಬಟ್ಟಲು ದ್ವೀಪವಾಯಿತು. ನೀರಿನ ತಂಬಿಗೆ ಹಡಗಾಯಿತು. ನನ್ನ ಕನ್ನಡಕದ ಡಬ್ಬಿ, ನನ್ನನ್ನು ಒಂದು ಮಾತೂ ಕೇಳದೆ, ಬಾಡಿಗೆ ಕಾರಾಯಿತು. ಊಟ ಮುಗಿದು ಎಂಜಲು ಕೈ ಒಣಗುತ್ತಿದ್ದರೂ ಯಾರೂ ಎದ್ದಿರಲಿಲ್ಲ. ಮೊಮ್ಮಗ ಅನಿರುದ್ಧ ತಂಬಿಗೆಯನ್ನು ತಳ್ಳುತ್ತ ತಳ್ಳುತ್ತ ಬಟ್ಟಲಿನ ಮಗ್ಗುಲಿಗೆ ತಂದು ನಿಲ್ಲಿಸಿ, ಬರುವ ರಜೆಯಲ್ಲಿ ನಾವೆಲ್ಲ ಹೋಗಲಿರುವ ಸಮುದ್ರಯಾನವನ್ನು ವಿವರಿಸುತ್ತಿದ್ದ. ಹಡಗು ಬೆಳಿಗ್ಗೆ ದ್ವೀಪ ಮುಟ್ಟುತ್ತದಂತೆ, ಸಂಜೆ ಬಿಡುತ್ತದಂತೆ. ನಡುವಿನ ಹೊತ್ತಿನಲ್ಲಿ ಏನು ನೋಡಬೇಕು, ಕಾರು ಎಲ್ಲಿ ಹಿಡಿಯಬೇಕು, ಯಾರು ಯಾವ ಸೀಟಿನಲ್ಲಿ ಕೂಡಬೇಕು, ಎಲ್ಲವೂ ಅವನಿಗೆ ಬಾಯಿಪಾಠ. ಆ ದ್ವೀಪವನ್ನು ಅವನೂ ಕಂಡಿಲ್ಲ. ಆದರೆ ಕಾಣದ ಊರಿನ ಬಗ್ಗೆ ಕಂಡವರಿಗಿಂತ ಜೋರಾಗಿ ಮಾತಾಡುವ ಧೈರ್ಯ ನಮ್ಮ ಮನೆತನದ ಗಂಡಸರಿಗೆ ರಕ್ತದಲ್ಲೇ ಬಂದದ್ದು.

“ಕಾರಿನಾಗ ಏಳು ಮಂದಿನ ಹಿಡಸ್ತಾರ,” ಅಂದ ಅನಿರುದ್ಧ. “ಅಜ್ಜಿ ಹಡಗಿನಾಗನ ಇರ್ತಾಳ. ಎ.ಸಿ. ರೂಮು, ಕಿಡಕಿಯಿಂದ ಸಮುದ್ರ ಕಾಣಸ್ತದ. ಸಾಮಾನಿನ ಮ್ಯಾಲೂ ಒಂದೀಟು ಲಕ್ಷ್ಯ ಇಟ್ಟಂಗ ಆಗ್ತದ. ಹೌದಿಲ್ಲೊ ಅಜ್ಜಿ?”

ನಾನು ದ್ವೀಪವನ್ನು ಹತ್ತಿರ ಎಳೆದುಕೊಂಡು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ದ್ವೀಪದ ಒಂದು ಗುಡ್ಡ ಕಡಿಮೆಯಾಯಿತು. ಯಾರೂ ಗಮನಿಸಲಿಲ್ಲ.

ನಿಮಗೆ ಹೇಳುತ್ತೇನೆ, ಈ ಪಾತ್ರೆಗಳ ಆಟವನ್ನು ನಾನು ಹಿಂದೆಯೇ ಒಮ್ಮೆ ನೋಡಿದ್ದೇನೆ. ಧಾರವಾಡದ ನಮ್ಮ ಹಳೆಯ ಮನೆಯಲ್ಲಿ, ಮೇಜಿನ ಮೇಲಲ್ಲ, ನೆಲದ ಮೇಲೆ. ಅದನ್ನು ಬರೆಯೋಣವೆಂದು ಫೋನು ಹಿಡಿದು ಕೂತಿದ್ದೇನೆ. ಟೈಪು ಮಾಡುವುದನ್ನು ಅನಿರುದ್ಧನ ಮಗಳು, ನನ್ನ ಮರಿಮಗಳು ಪುಟ್ಟಿ ಈಚೆಗಷ್ಟೇ ಕಲಿಸಿದಳು. ಒಂದೇ ಬೆರಳು ನನ್ನದು. ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟಿದಂತೆ ಕುಟ್ಟುತ್ತೇನೆ. ಈ ಫೋನು ಮಹಾ ಅವಸರದ್ದು. ನಾನು “ಅತ್ಯಾ” ಅಂತ ಬರೆಯುವಷ್ಟರಲ್ಲಿ ಅದು “ಅತ್ಯಾಧುನಿಕ” ಅಂತ ತಾನೇ ಮುಗಿಸಿ ಕೊಟ್ಟಿತು. ಮೊದಲು ಬೈದು ಅಳಿಸಿದೆ. ಆಮೇಲೆ ನನ್ನ ಅತ್ಯಾನ ನೆನಪು ಮಾಡಿಕೊಂಡು ನೋಡಿದರೆ, ಫೋನು ಹೇಳಿದ್ದು ಸುಳ್ಳೇನಲ್ಲ ಅನ್ನಿಸಿತು.

ಅಂಬಾ ಅತ್ಯಾ ನನ್ನ ಅಪ್ಪನ ಅಕ್ಕ. ಗಂಡನ ಮುಖ ನೆನಪಿಡುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಲೆ ಬೋಳು, ಮೈಮೇಲೆ ಕೆಂಪು ಸೀರೆ, ಮೂರು ಹೊತ್ತೂ ಮಡಿ. ಮನೆಯಲ್ಲಿ ಯಾರಿಗೆ ಏನು ಬೇಕಾದರೂ ಕೂಗುವುದು ಅವಳ ಹೆಸರನ್ನೇ. “ಅಕ್ಕಾ, ಚಹಾ!” “ಅತ್ಯಾ, ನೀರು!” “ಅಂಬಕ್ಕಾ, ಕೂಸು ಅಳಲಿಕ್ಕತ್ತದ ನೋಡ!” ದೇವರಿಗೂ ದಿನದಲ್ಲಿ ಅಷ್ಟು ಸಲ ಯಾರೂ ಮೊರೆ ಇಟ್ಟಿರಲಿಕ್ಕಿಲ್ಲ.

ಶೇಷು ಕಾಕಾ ಅವಳ ಕಿರಿಯ ತಮ್ಮ. ಸಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ. ಜಗತ್ತಿನ ಸಮುದ್ರಗಳ ಆಳವೆಲ್ಲ ಅವನಿಗೆ ಗೊತ್ತಿತ್ತು; ಊರ ಕೆರೆಯಲ್ಲಿ ಮಾತ್ರ ಮೊಣಕಾಲಿನ ಮೇಲೆ ನೀರು ಬರುವಷ್ಟು ಇಳಿದವನಲ್ಲ. ಸಂಜೆ ಮನೆಯ ಕಟ್ಟೆಯ ಮೇಲೆ ಹುಡುಗರನ್ನು ಕೂಡಿಸಿ ಪಾಠ ಹೇಳುತ್ತಿದ್ದ. ಹುಡುಗರು ರಾಗವಾಗಿ “ನಾಲ್ಕೂ ಕಡೆ ನೀರಿರುವ ಭೂಮಿಗೆ ದ್ವೀಪ ಎನ್ನುತ್ತಾರೆ” ಎಂದು ಒದರುವುದು ಒಳಗೆ ಬೀಸುತ್ತ ಕೂತ ಅತ್ಯಾನ ಕಿವಿಗೂ ಬೀಳುತ್ತಿತ್ತು. ಒಂದು ದಿನ ಅವಳು ಬೀಸುವುದನ್ನು ನಿಲ್ಲಿಸಿ ಹೊಸ್ತಿಲಿಗೆ ಬಂದಳು.

“ಶೇಷ್ಯಾ, ನಾಕೂ ಕಡೆ ನೀರಿತ್ತಂದ್ರ, ಅಲ್ಲೆ ನಿಂತಾಕಿನ್ನ ಕರೀಲಿಕ್ಕೆ ಯಾರೂ ಬರೂದಿಲ್ಲ, ಹೌದಿಲ್ಲೊ?”

“ಕರದ್ರೂ ಕೇಳಸೂದಿಲ್ಲ ಅಕ್ಕಾ. ತೆರೀ ಸಪ್ಪಳ ಅಷ್ಟಿರ್ತದ.”

“ಹಂಗಾರ ಭಾಳ ಛಲೋ ಜಾಗಾ ಅದು,” ಎಂದು ಒಳಗೆ ಹೋದಳು. ಅವತ್ತಿನಿಂದ ಅವಳಿಗೆ ಒಂದೇ ಆಸೆ. ಕಾಶಿ ಬೇಡ, ರಾಮೇಶ್ವರ ಬೇಡ. ಸಾಯುವುದರೊಳಗೆ ಒಮ್ಮೆ ದ್ವೀಪದ ಮೇಲೆ ನಿಲ್ಲಬೇಕು. ನನ್ನೊಬ್ಬಳಿಗೇ ಹೇಳಿದ್ದಳು. ನನಗಾಗ ಏಳೋ ಎಂಟೋ.

ಎರಡನೆಯ ಮಹಾಯುದ್ಧ ಮುಗಿದಿತ್ತು, ಪೆಟ್ರೋಲು ಇನ್ನೂ ರೇಶನ್ನಿನಲ್ಲೇ ಇತ್ತು. ಅಂಥ ದಿನಗಳಲ್ಲಿ ಕಾಕಾನಿಗೆ ಕಾರವಾರಕ್ಕೆ ಹೋಗಿ, ಲಾಂಚಿನಲ್ಲಿ ಸಮುದ್ರಯಾನ ಮಾಡಿ, ಎದುರಿಗಿರುವ ದ್ವೀಪ ನೋಡಿಬರುವ ಹುಕಿ ಬಂತು. ಹುಕಿ ಕಾಕಾನದು, ಅದಕ್ಕೆ ಬೇಕಾದ ಪಾತ್ರೆಗಳು ಅತ್ಯಾನವು. ದಿನಾ ಊಟಕ್ಕೆ ಕೂತಾಗ ಬಟ್ಟಲು, ಸೌಟು, ತಂಬಿಗೆ ನೆಲದ ಮೇಲೆ ಹರಡಿ ಅಪ್ಪನಿಗೆ ಯೋಜನೆ ವಿವರಿಸುತ್ತಿದ್ದ. ಅತ್ಯಾ ತಲೆಯ ಮೇಲೆ ನಿಂತು, “ಶೇಷ್ಯಾ, ನಿನ್ನ ಹಡಗು ಈ ಕಡೆ ಕೊಡು, ಸಾರು ಬಡಸಬೇಕಾಗ್ಯದ,” ಅನ್ನುತ್ತಿದ್ದಳು.

ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂಬ ಹೆದರಿಕೆ ಆಗಿನ್ನೂ ಪೂರ್ತಿ ಹೋಗಿರಲಿಲ್ಲ. ಕಾಕಾ ಮಠದ ಆಚಾರ್ಯರನ್ನು ಕೇಳಿಬಂದ. ದಂಡೆ ಕಣ್ಣಿಗೆ ಕಾಣುವತನಕ ಅದು ಸಮುದ್ರ ದಾಟಿದಂತಲ್ಲ ಎಂದು ಅವರು ದಕ್ಷಿಣೆ ತೆಗೆದುಕೊಂಡು ಅಪ್ಪಣೆ ಕೊಟ್ಟರು. ಶಾಸ್ತ್ರ ಗಂಡಸರಿಗೆ ಎಷ್ಟು ಬೇಗ ದಾರಿ ಬಿಡುತ್ತದೆ ನೋಡಿ.

ಲಾಂಚು ಹತ್ತುವ ಮೊದಲು ಬೆಳಿಗ್ಗೆ ಬಾಡಿಗೆ ಮೋಟಾರಿನಲ್ಲಿ ಗುಡ್ಡ ಹತ್ತಿ, ಮೇಲಿನಿಂದ ಊರು ನೋಡುವುದು ಯೋಜನೆಯ ಮುಕುಟಮಣಿ. ಮೋಟಾರಿನಲ್ಲಿ ಅಪ್ಪ, ಅವ್ವ, ಕಾಕಾ, ಅವನ ಹೆಂಡತಿ ಕಾಕು. ಜೊತೆಗೆ ಕಾಕಾನ ಸಾಲೆಯ ಹೆಡ್‌ಮಾಸ್ತರರು ಮತ್ತು ಅವರ ಹೆಂಡತಿ. ಹೆಡ್‌ಮಾಸ್ತರರಿಗೆ ಸಮುದ್ರದ ಹಂಬಲವೇನೂ ಇರಲಿಲ್ಲ. ಕಾಕಾನಿಗೆ ಬಡ್ತಿಯ ಹಂಬಲವಿತ್ತು.

“ಮತ್ತ ಅಕ್ಕಾ?” ಎಂದ ಅಪ್ಪ.

“ಅಕ್ಕನ್ನ ಬಿಟ್ಟು ಹೋದ್ರ ಅಡಗೀ ಯಾರು ಮಾಡ್ತಾರ? ಆಕೀನೂ ಬರ್ತಾಳ. ಆದ್ರ ಮೋಟಾರಿನ ಸೀಟು ಚರ್ಮದ್ದು. ಆಕೀ ಮಡಿ ಏನಾಗಬೇಕು? ಆಕೀ ದಂಡೀ ಮ್ಯಾಲೆ ಸಾಮಾನು ಕಾಯಲಿ. ಜೋಡಿಗೆ ಈ ಹುಡಿಗೀನೂ ಇರಲಿ.”

“ಹಂಗಾರ ಲಾಂಚಿನಾಗರೆ ಕರಕೊಂಡು ಹೋಗೂಣು.”

“ಸಾಮಾನು?” ಅಂದ ಕಾಕಾ. ಅಪ್ಪ ಅನ್ನ ಕಲಸತೊಡಗಿದ.

ನಾನು ಅತ್ಯಾನ ಮುಖ ನೋಡಿದೆ. ಸಾರಿನ ಸೌಟು ಒಂದು ಕ್ಷಣ ನಿಂತಿತು, ಅಷ್ಟೇ. “ಆಗಲಪಾ,” ಅಂದಳು. “ನಾ ಸಾಮಾನು ಕಾಯ್ತೇನಿ.”

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೊರಟೆವು. ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ಭೂಗೋಳದ ಮಾಸ್ತರರು ಕಿಡಕಿಯಿಂದ ತಲೆ ಹೊರಗೆ ಹಾಕಿದವರು ಕಾರವಾರದವರೆಗೆ ಒಳಗೆ ತೆಗೆಯಲಿಲ್ಲ. ರಾತ್ರಿ ಧರ್ಮಶಾಲೆಯಲ್ಲಿ ತಂಗಿ, ಬೆಳಿಗ್ಗೆ ಗಂಟುಮೂಟೆ ಸಮೇತ ದಂಡೆಗೆ ಬಂದೆವು. ಮೋಟಾರು ಬಂದು ನಿಂತಿತ್ತು. ಪೆಟ್ರೋಲಿಲ್ಲದ ಕಾಲದ ಮೋಟಾರು ಅದು. ಬೆನ್ನಿಗೆ ಹಂಡೆಯಂಥ ಒಲೆ ಕಟ್ಟಿಕೊಂಡು, ಅದರಲ್ಲಿ ಇದ್ದಿಲು ಸುಟ್ಟು, ಆ ಗ್ಯಾಸಿನಿಂದ ಓಡುವಂಥದ್ದು. ನಮ್ಮ ಬಚ್ಚಲದ ಒಲೆ ಯಾತ್ರೆಗೆ ಹೊರಟಂತೆ ಕಾಣುತ್ತಿತ್ತು. ಹೆಡ್‌ಮಾಸ್ತರರು ಮೊದಲು ಹತ್ತಿ ಕೂತರು. ಕಾಕಾ ಕೈಬೀಸಿ, “ಅಕ್ಕಾ, ತಾಸಿನಾಗ ಬಂದಬಿಡ್ತೇವಿ. ಸಾಮಾನು ಹುಷಾರ!” ಎಂದ. ಹೊಗೆ ಬಿಡುತ್ತ ಮೋಟಾರು ಹೋಯಿತು.

ಅತ್ಯಾ ಗಂಟಿನ ಮೇಲೆ ಕೂತು ಸಮುದ್ರ ನೋಡಿದಳು. ದ್ವೀಪ ಎದುರಿಗೇ ಇತ್ತು. ಹಸಿರು, ದುಂಡಗೆ, ನೀರಿನಲ್ಲಿ ಬೋರಲು ಹಾಕಿದ ಬಟ್ಟಲಿನಂತೆ. ಅಷ್ಟರಲ್ಲಿ ಒಬ್ಬ ಮುದುಕ, ಅವನ ಹೆಂಡತಿ ಸಣ್ಣ ದೋಣಿಯೊಂದನ್ನು ನೀರಿಗೆ ನೂಕತೊಡಗಿದರು. ಮೀನುಗಾರರು. ದ್ವೀಪದ ಬಂಡೆಗಳಲ್ಲಿ ಚಿಪ್ಪು ಆರಿಸಲು ಹೊರಟಿದ್ದರು. ಅವರದು ಕೊಂಕಣಿ, ಅತ್ಯಾನಿಗೆ ನಾಲ್ಕು ಮಾತು ಮರಾಠಿ ಬರುತ್ತಿತ್ತು. ಇಬ್ಬರು ಹೆಂಗಸರು ಏನು ಮಾತಾಡಿಕೊಂಡರೋ, ಆ ಮುದುಕಿ ನಕ್ಕು ದೋಣಿಯೊಳಗಿನ ಬುಟ್ಟಿ ಸರಿಸಿ ಜಾಗ ಮಾಡಿದಳು.

“ಅತ್ಯಾ, ಸಾಮಾನು?” ಎಂದೆ ನಾನು.

ಅತ್ಯಾ ಗಂಟಿನಿಂದ ತನ್ನ ಧಾಬಳಿ ತೆಗೆದಳು. ಧಾಬಳಿ ಅಂದರೆ ಮಡಿಗೆ ಉಡುವ ಉಣ್ಣೆಯ ಬಟ್ಟೆ. ಅದನ್ನು ಸಾಮಾನಿನ ಮೇಲೆಲ್ಲ ಹೊದಿಸಿ, ಹತ್ತಿರ ನಿಂತಿದ್ದ ಕೂಲಿಯವರಿಗೆ ಕೇಳುವಂತೆ, “ಮಡಿ ಅದ, ಯಾರೂ ಮುಟ್ಟಬ್ಯಾಡ್ರೀ!” ಎಂದು ಒದರಿದಳು. ಅವರೆಲ್ಲ ನಾಲ್ಕು ಹೆಜ್ಜೆ ಹಿಂದೆ ಸರಿದರು. “ಇಷ್ಟು ವರ್ಷ ನಾ ಈ ಮಡೀನ ಕಾಯ್ದೆ. ಇವತ್ತೊಂದಿನ ಅದು ನನ್ನ ಸಾಮಾನು ಕಾಯಲಿ,” ಎಂದು ಕಚ್ಚೆ ಬಿಗಿದು ದೋಣಿ ಹತ್ತಿದಳು.

ದೋಣಿಯ ತುಂಬ ಮೀನಿನ ವಾಸನೆ. ನಾನು ಮೂಗು ಮುಚ್ಚಿಕೊಂಡು ಕೇಳಿದೆ: “ಅತ್ಯಾ, ಮೈಲಿಗಿ ಆಗೂದಿಲ್ಲೇನು?”

“ನಿಮ್ಮ ಕಾಕಾ ಚರ್ಮದ ಸೀಟಿಗೆ ಮೈಲಿಗಿ ಅಂದಾನ. ಇದು ಕಟಗೀದು.”

“ಮತ್ತ ಮೀನ?”

“ನಾ ಅದನ್ನ ಮುಟ್ಟಿಲ್ಲ, ಅದು ನನ್ನ ಮುಟ್ಟಿಲ್ಲ. ಸುತ್ತ ಇಷ್ಟು ನೀರದ, ಇನ್ನೆಷ್ಟು ಸ್ನಾನ ಬೇಕು ನಿನಗ? ಗಪ್ಪ ಕೂಡು.”

ದ್ವೀಪದ ಮೇಲೆ ಮನೆಯಿಲ್ಲ, ಮಠವಿಲ್ಲ. ಒಂದಿಷ್ಟು ಗಿಡ, ಬಂಡೆ, ಒಂದು ಹಳೆಯ ಭಾವಿ. ಅತ್ಯಾ ಏದುಸಿರು ಬಿಡುತ್ತ ಎತ್ತರದ ಬಂಡೆ ಹತ್ತಿ ನಿಂತಳು. ಒಂದು ಕಡೆ ನೋಡಿದಳು, ನೀರು. ತಿರುಗಿದಳು, ನೀರು. ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಂತೆ ನಿಂತಲ್ಲೇ ಪೂರ್ತಿ ಒಂದು ಸುತ್ತು ತಿರುಗಿದಳು. ಆಮೇಲೆ ನನಗೆ ಹೇಳಿದಳು: “ನೀ ಕೆಳಗ ಹೋಗು. ಅಲ್ಲೆ ನೀರಿನ ಕಡೆ. ನಿಂತು ನನ್ನ ಕೂಗು.”

“ಏನಂತ ಕೂಗಲಿ?”

“ಮನ್ಯಾಗ ಕೂಗ್ತಾರಲ್ಲಾ, ಹಂಗ.”

ನಾನು ಇಳಿದು ಹೋಗಿ ಗಂಟಲು ಹರಿಯುವಂತೆ ಕೂಗಿದೆ. “ಅಂಬಾತ್ಯಾ, ಚಹಾ!” ಅವಳು ತಿರುಗಲಿಲ್ಲ. “ಅತ್ಯಾ, ನೀರು! ಅತ್ಯಾ, ಕೂಸು ಅಳಲಿಕ್ಕತ್ತದ!” ಕೆಂಪು ಸೀರೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು, ಆಕೆ ಮಾತ್ರ ಕದಲಲಿಲ್ಲ. ನನಗೆ ಗಾಬರಿಯಾಗಿ ಓಡಿ ಮೇಲೆ ಹೋದೆ. ನೋಡಿದರೆ ಕಣ್ಣು ಮುಚ್ಚಿಕೊಂಡು ನಗುತ್ತಿದ್ದಾಳೆ.

“ಕೇಳಿಸ್ತೇನು?” ಎಂದೆ.

“ಇಲ್ಲವಾ,” ಅಂದಳು. “ಏನೂ ಕೇಳಲಿಲ್ಲ.”

ಬರುವಾಗ ಇಬ್ಬರೂ ಭಾವಿಯ ನೀರು ಕುಡಿದೆವು. ಆ ನೀರು ಹೇಗಿತ್ತೆಂದು ನಿಮಗೂ ಹೇಳುವುದಿಲ್ಲ. ಬೇಕಿದ್ದರೆ ಹೋಗಿ ಕುಡಿಯಿರಿ.

ನಾವು ದಂಡೆಗೆ ಮರಳಿ, ಅತ್ಯಾ ಸಮುದ್ರದಲ್ಲಿ ಮೂರು ಮುಳುಗು ಹಾಕಿ, ಜಪಮಣಿ ಹಿಡಿದು ಸಾಮಾನಿನ ಪಕ್ಕ ಕೂತು ಎಷ್ಟೋ ಹೊತ್ತಾದ ಮೇಲೆ ಕಾಕಾನ ಪರಿವಾರ ಬಂತು, ನಡೆದುಕೊಂಡು. ಮೋಟಾರು ಗುಡ್ಡದ ನಡುವೆ ನಿಂತುಬಿಟ್ಟಿತ್ತಂತೆ. ಡ್ರೈವರು ನಮ್ಮ ಹುಬ್ಬಳ್ಳಿ ಕಡೆಯವನೇ. “ಗಾಡಿ ಏರಾಕ ಒಲ್ಲೆ ಅನ್ನಾಕತ್ತೈತ್ರಿ ಸರ, ಇಳದು ನೂಕ್ರಿ,” ಅಂದನಂತೆ. ಅಪ್ಪ ನೂಕಿದ, ಅವ್ವ ಮತ್ತು ಕಾಕು ಸೆರಗು ಬಿಗಿದು ನೂಕಿದರು, ಕಾಕಾ ಒಲೆಗೆ ಗಾಳಿ ಹಾಕಿದ. ಹೆಡ್‌ಮಾಸ್ತರರು ಚರ್ಮದ ಸೀಟಿನಲ್ಲಿ ಕೂತು “ಹಾಂ, ಇನ್ನೊಂದೀಟು” ಅನ್ನುತ್ತಿದ್ದರಂತೆ. ಕಾಕಾನ ಮುಖ ಇದ್ದಿಲಿನಿಂದ ಎಷ್ಟು ಕಪ್ಪಾಗಿತ್ತೆಂದರೆ ಕಣ್ಣು ಹಲ್ಲು ಮಾತ್ರ ಭೂಗೋಳದ ಮಾಸ್ತರರವಾಗಿ ಉಳಿದಿದ್ದವು. ಅಷ್ಟರಲ್ಲಿ ಗಾಳಿ ಎದ್ದು, ಲಾಂಚಿನವನು ಇವತ್ತು ಬಿಡುವುದಿಲ್ಲವೆಂದು ಕೈ ಆಡಿಸಿದ.

“ಪಾಪ, ದ್ವೀಪ ನೋಡಲಿಕ್ಕೆ ಆಗಲಿಲ್ಲೇನೋ ಶೇಷ್ಯಾ?” ಎಂದಳು ಅತ್ಯಾ.

“ನಮ್ಮದು ಬಿಡು ಅಕ್ಕಾ. ನಿನಗರೆ ದಂಡಿಯಿಂದ ಕಾಣಿಸ್ತಲ್ಲಾ, ಅದನ ನಿನ್ನ ಪುಣ್ಯ. ಸೀರಿ ಯಾಕ ತೊಯ್ದದ?”

“ಸಮುದ್ರ ಸ್ನಾನ ಮಾಡಿದೆ. ಅದಕ್ಕರೆ ಸೀಟು ಬೇಕಾಗೂದಿಲ್ಲ.”

ಧಾರವಾಡಕ್ಕೆ ಬಂದ ಮೇಲೆ ಕಾಕಾ ದ್ವೀಪ ನೋಡಿಬಂದದ್ದನ್ನು ವರ್ಣಿಸತೊಡಗಿದ. ಮೊದಲು ಸಾಲೆಯ ಹುಡುಗರಿಗೆ, ಆಮೇಲೆ ಮನೆಗೆ ಬಂದವರಿಗೆಲ್ಲ. ಹೆಡ್‌ಮಾಸ್ತರರು ಸುಳ್ಳೆನ್ನುವಂತಿರಲಿಲ್ಲ, ಅವರೂ ತಮ್ಮ ಮನೆಯಲ್ಲಿ ಅದನ್ನೇ ವರ್ಣಿಸುತ್ತಿದ್ದರು. ಕಾಕಾನ ದ್ವೀಪ ವರ್ಷವರ್ಷಕ್ಕೆ ದೊಡ್ಡದಾಗುತ್ತ ಹೋಗಿ, ಕಡೆಗೆ ಅದರಲ್ಲಿ ಚಿರತೆಗಳೂ ಇದ್ದವು. ಮಾತು ರಂಗೇರಿದಾಗ ಅಡುಗೆಮನೆಯಿಂದ ಒಂದು ದನಿ ಬರುತ್ತಿತ್ತು: “ಶೇಷ್ಯಾ, ಅಲ್ಲಿ ಭಾವಿ ನೀರು ಹ್ಯಾಂಗಿತ್ತೊ? ಸೀನೋ ಉಪ್ಪೋ?” ಕಾಕಾ ಒಮ್ಮೆ ಸೀ ಅನ್ನುತ್ತಿದ್ದ, ಒಮ್ಮೆ ಉಪ್ಪು ಅನ್ನುತ್ತಿದ್ದ. ನಗು ತಡೆಯಲು ನಾನು ಉಟ್ಟ ಪರಕಾರದ, ಅಂದರೆ ಲಂಗದ, ಅಂಚು ಬಾಯಿಗೆ ತುರುಕಿಕೊಳ್ಳುತ್ತಿದ್ದೆ. ಒಂದು ದಿನ ಅವನು ಮೆಲ್ಲಗೆ ಒಳಗೆ ಬಂದು ಕೇಳಿಯೇಬಿಟ್ಟ: “ಅಕ್ಕಾ, ಖರೇನ ಅಲ್ಲೆ ಭಾವಿ ಅದ ಏನು?”

“ನಾ ಸಾಮಾನು ಕಾಯ್ದಾಕಿ. ನನಗೇನು ಗೊತ್ತಪಾ,” ಅಂದಳು ಅತ್ಯಾ.

ಅದಾದ ಮೇಲೆ ಅವಳ ಬದುಕಿನಲ್ಲಿ ಏನು ಬದಲಾಯಿತೆಂದು ಕೇಳಿದರೆ, ಏನೂ ಇಲ್ಲ. ಅದೇ ಒಲೆ, ಅದೇ ಬೀಸುವಕಲ್ಲು. ಆದರೆ ಆಗೊಮ್ಮೆ ಈಗೊಮ್ಮೆ ಯಾರಾದರೂ “ಅಕ್ಕಾ, ಚಹಾ!” ಎಂದು ಎಷ್ಟು ಕೂಗಿದರೂ ಅವಳು ತಿರುಗುತ್ತಿರಲಿಲ್ಲ. ಗ್ವಾಡಿಗೆ ಆನಿಕೊಂಡು, ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದಳು. “ಅಕ್ಕನ ಕಿವಿ ಮಂದ ಆಗ್ಯಾವ,” ಎಂದು ಕಾಕಾ ಡಾಕ್ಟರರನ್ನೂ ಕರೆಸಿದ. ಅವಳು ಆ ಹೊತ್ತಿನಲ್ಲಿ ಎಲ್ಲಿರುತ್ತಿದ್ದಳೆಂದು ನನಗೊಬ್ಬಳಿಗೇ ಗೊತ್ತಿತ್ತು. ಹೋಗಿ ಚಹಾ ನಾನೇ ಮಾಡುತ್ತಿದ್ದೆ.

ಇವತ್ತು ಬೆಳಿಗ್ಗೆ ಅನಿರುದ್ಧ ಮತ್ತೆ ಚಟ್ನಿಯ ಬಟ್ಟಲು ಹಿಡಿದು ಬಂದ. ಹೊಸ ಸುದ್ದಿ: ಅವನ ಆಫೀಸಿನ ಸಾಹೇಬರು ಅದೇ ಹಡಗಿನಲ್ಲಿ ಬರುತ್ತಿದ್ದಾರಂತೆ. ಅವರಿಗೆ ಕಾರಿನಲ್ಲಿ ಸೀಟು ಕೊಡದಿದ್ದರೆ ಹೇಗೆ? “ಹೆಂಗೂ ಪುಟ್ಟಿಗೆ ಕಾರಿನಾಗ ವಾಂತಿ ಆಗ್ತದ. ಆಕೀನೂ ನಿನ್ನ ಹತ್ರ ಇರಲಿ ಅಜ್ಜಿ. ನೀ ಸಿಟ್ಟಾಗೂದಿಲ್ಲಲಾ?”

“ಆಗಲಪಾ,” ಅಂದೆ. “ನಾ ಸಾಮಾನು ಕಾಯ್ತೇನಿ.”

“ನಮ್ಮ ಅಜ್ಜಿ ಭಾಳ ಅಡ್ಜಸ್ಟ್ ಮಾಡ್ಕೋತಾಳ,” ಎಂದು ಎಲ್ಲರೆದುರು ಹೊಗಳಿ ಹೋದ.

ಅವನು ಆಚೆ ಹೋದದ್ದೇ ನಾನೂ ಪುಟ್ಟಿಯೂ ಬಾಗಿಲು ಮುಂದೆ ಮಾಡಿ ಫೋನು ತೆಗೆದೆವು. ಒಂದೊಂದೇ ಅಕ್ಷರ ನಾನು ಕುಟ್ಟಿದೆ, ತಪ್ಪಾದದ್ದನ್ನು ಅವಳು ತಿದ್ದಿದಳು. ಹಡಗು ನಿಲ್ಲುವ ಬಂದರಿನಿಂದ ಆಚೆಗೆ ಇನ್ನೂ ಒಂದು ಸಣ್ಣ ದ್ವೀಪವಿದೆ. ಅಲ್ಲಿಗೆ ದೋಣಿ ಹೋಗುತ್ತದೆ. ಎರಡು ಸೀಟು ಹಿಡಿದೆವು. ಚರ್ಮದವಲ್ಲ. ಅಲ್ಲಿ ಭಾವಿ ಇದ್ದರೆ ನೀರು ಕುಡಿದು ನೋಡಬೇಕು, ಆದರೆ ಅಪ್ಪನಿಗೆ ಹೇಳಬಾರದು ಎಂದು ಪುಟ್ಟಿಯಿಂದ ಆಣೆ ಹಾಕಿಸಿಕೊಂಡಿದ್ದೇನೆ.

ಇದನ್ನು ಬರೆಯುತ್ತಿರುವಾಗಲೇ ಆಚೆಯ ಕೋಣೆಯಿಂದ ಅನಿರುದ್ಧ ಕೂಗುತ್ತಿದ್ದಾನೆ. “ಅಜ್ಜೀ, ನನ್ನ ಚಾರ್ಜರ್ ಎಲ್ಲದ? ಅಜ್ಜೀ!” ಚಾರ್ಜರು ನನ್ನ ಫೋನಿಗೇ ಚುಚ್ಚಿದೆ. ಅವನು ಮೂರನೆಯ ಸಲ ಕೂಗಿದ. ಪುಟ್ಟಿ ನನ್ನ ಮುಖ ನೋಡುತ್ತಿದ್ದಾಳೆ.

“ಕೇಳಿಸ್ತೇನು ಅಜ್ಜಿ?” ಅಂದಳು.

“ಇಲ್ಲವಾ,” ಅಂದೆ. “ಏನೂ ಕೇಳಲಿಲ್ಲ.”