ಹಳದಿ ಟೇಪಿನ ಚೂರು

ನಮ್ಮ ಹುವಾಚಿಯಾಂಗ್‌ಬೇ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯ ಎರಡನೇ ಮಹಡಿಯಲ್ಲಿ ಸೂಯಿನ್‌ಳ ಬಾಯಿಗೆ ಹೆದರದವರಿಲ್ಲ. ಹವ್ಯಾಸಿಗಳು ಕೊಳ್ಳುವ ಅಂಗೈಯಗಲದ ಕಂಪ್ಯೂಟರುಗಳ ಮೇಲೆ ಕೂರಿಸುವ ಬೋರ್ಡುಗಳು ಅವಳ ವ್ಯಾಪಾರ. ಪಕ್ಕದ ಗೂಡಂಗಡಿ ನನ್ನದು. ಫ್ಯಾನು, ಡಬ್ಬಿ, ತಿರುಪು ಮಾರುತ್ತೇನೆ. ಅವಳ ಚಹಾ ಕುಡಿದು, ಅವಳ ಕೈಲೇ ಬೈಸಿಕೊಂಡು ನನ್ನ ಅರ್ಧ ಆಯಸ್ಸು ಕಳೆದಿದೆ.

ಅವಳದೊಂದು ಹಟ. ಬ್ಯಾಟರಿ ಬೋರ್ಡನ್ನು ಯಾರಿಗೂ ಹಾಗೇ ಕೊಡುವುದಿಲ್ಲ, ತಾನೇ ಕೂರಿಸಿಕೊಡಬೇಕು. ಕೆಳಗಿನ ಕಂಪ್ಯೂಟರಿನ ಲೋಹದ ಸಾಕೆಟ್ಟಿಗೂ ಮೇಲಿನ ಬೋರ್ಡಿನ ಬೆಸುಗೆಗೂ ನಡುವೆ ಉಗುರಿನಷ್ಟೇ ಜಾಗ. ಒತ್ತಿದರೆ ತಾಗುತ್ತದೆ, ತಾಗಿದರೆ ಬ್ಯಾಟರಿ ಕಾಯುತ್ತದೆ, ಆಮೇಲೆ ಬೆಂಕಿ. ಅದಕ್ಕೇ ಸಾಕೆಟ್ಟಿನ ಮೇಲೆ ಹಳದಿ ಟೇಪಿನ ಚೂರೊಂದನ್ನು ಅಂಟಿಸುತ್ತಾಳೆ. "ಟೇಪ್ ಹಾಕ್ದೆ ಕೊಡೋರು ಕೊಲೆಗಡುಕರು ಕಣೋ ಪಾಂಗ್!" ಎಂದು ನನಗೆ, ಕೆಳಮಹಡಿಯವರಿಗೂ ಕೇಳುವಂತೆ ಕೂಗುತ್ತಾಳೆ.

ಆವತ್ತು ಬೆಳಿಗ್ಗೆ ಝುವಾಂಗ್ ತಾತ, ಹೆಂಡತಿಯನ್ನು ನೆರೆಯವರ ಕಾವಲಿಗೆ ಬಿಟ್ಟು, ಬಂದಿದ್ದ. ಹೆಂಡತಿಗೆ ಮರೆವು, ಬಾಗಿಲು ತೆರೆದಿದ್ದರೆ ಎಲ್ಲಿಗೋ ನಡೆದುಬಿಡುತ್ತಾಳೆ. ಅವಳು ಹಾಸಿಗೆಯಿಂದೆದ್ದರೆ ತನ್ನ ಫೋನಿಗೆ ತಿಳಿಯುವಂತೆ, ಅಂಥದೇ ಪುಟ್ಟ ಕಂಪ್ಯೂಟರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕ್ಯಾಮೆರಾ ಮಾಡಿಕೊಂಡಿದ್ದ, ಅದನ್ನೇ ತಂದಿದ್ದ. ಅವರ ಓಣಿಯಲ್ಲಿ ಕರೆಂಟು ಹೋಗುತ್ತದೆ, ಅದಕ್ಕೆ ಬ್ಯಾಟರಿ ಬೋರ್ಡು ಬೇಕಿತ್ತು.

"ದಿನಾ ಬೆಳಿಗ್ಗೆ ನೀನ್ಯಾರು ಅಂತಾಳೆ," ಎಂದ ತಾತ. "ಫ್ಯಾನ್ ರಿಪೇರಿಯವನು ಅಂತೀನಿ. ಹಾಗಂದ್ರೆ ಮರ್ಯಾದೆಯಾಗಿ ಕೂರಿಸ್ತಾಳೆ. ಇದೊಂದು ಆಯ್ತು ಅಂದ್ರೆ ಬೀಗ ಹಾಕ್ಕೊಂಡು ಒಂಚೂರು ಹೊರಗೆ ಹೋಗ್ಬಹುದು ನೋಡು. ಬೈಹೂ ಓಣೀಲಿ, ಮೂಳೆ ಸಾರಿನ ಅಂಗಡಿ ಮೇಲೇ ನಮ್ಮನೆ."

ಸೂಯಿನ್ ನಕ್ಕಳು, ತೋಳಿನಿಂದ ಕಣ್ಣೊರೆಸಿಕೊಂಡಳು. ಅವಳ ಕೈ ತಿರುಪು ಬಿಗಿಯುತ್ತಲೇ ಇತ್ತು.

ಮಧ್ಯಾಹ್ನ ಚಹಾದ ಬಟ್ಟಲು ತೊಳೆಯುತ್ತಿದ್ದವಳು ಇದ್ದಕ್ಕಿದ್ದಂತೆ ನಿಂತುಬಿಟ್ಟಳು. ಗಾಜಿನ ಮೇಜಿನ ಅಂಚಿನಲ್ಲಿ, ಹರಿದು ಅಂಟಿಸಿಟ್ಟಿದ್ದ ಹಳದಿ ಟೇಪಿನ ಚೂರು ಹಾಗೇ ನೇತಾಡುತ್ತಿತ್ತು.

"ಪಾಂಗ್," ಎಂದಳು. ಅಷ್ಟು ಸಣ್ಣ ದನಿ ಅವಳಿಗಿದೆಯೆಂದು ನನಗೆ ಗೊತ್ತಿರಲಿಲ್ಲ. "ತಾತಂಗೆ ಟೇಪ್ ಹಾಕ್ಲೇ ಇಲ್ಲ ಕಣೋ."

ಫೋನು ಮಾಡಿದರೆ ತಾತ ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಅಂಗಡಿ ಹಾಗೇ ಬಿಟ್ಟು ನನ್ನ ಸ್ಕೂಟರಿನ ಹಿಂದೆ ಹತ್ತಿದಳು. "ಕಿಟಕಿಗೆಲ್ಲ ಸರಳು ಇರುತ್ತೆ, ಬಾಗಿಲಿಗೆ ಬೀಗ ಬೇರೆ," ಎಂದು ದಾರಿಯುದ್ದಕ್ಕೂ ಅದನ್ನೇ ಹೇಳುತ್ತಿದ್ದಳು. ಪ್ರತಿ ತಿರುವಿನಲ್ಲೂ ನನ್ನ ಕಣ್ಣು ಹೊಗೆ ಹುಡುಕುತ್ತಿತ್ತು. ಸಾರಿನ ಅಂಗಡಿಯ ಹಬೆಯನ್ನೇ ಹೊಗೆಯೆಂದುಕೊಂಡು ಸ್ಕೂಟರಿನ ವೇಗ ಹೆಚ್ಚಿಸಿದೆ.

ಬಾಡಿಗೆ ಮನೆಯ ಒಡತಿ ಬೀಗದ ಕೈಗೊಂಚಲು ಹಿಡಿದು, ಮೆಟ್ಟಿಲ ಬಳಿ ಅಡ್ಡ ನಿಂತು ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು. "ಯಾರ್ರೀ ನೀವು? ಹಾಡಹಗಲೇ ಕಳ್ಳತನಕ್ಕೆ ಬಂದ್ರಾ?"

"ಮೊದ್ಲು ಬಾಗಿಲು ತೆಗಿಯಮ್ಮ, ಆಮೇಲೆ ಎಷ್ಟು ಬೇಕಾದ್ರೂ ಬೈಯಿ!" ಎಂದು ಸೂಯಿನ್ ಅಂಗಲಾಚಿದಳು.

ಅವಳು ಬಾಗಿಲು ತೆರೆದರೆ ಒಳಗೆ ಪ್ಲಾಸ್ಟಿಕ್ ಕಾದ ವಾಸನೆ. ಕ್ಯಾಮೆರಾ ಎಲ್ಲೂ ಕಾಣಲಿಲ್ಲ. ಗೋಡೆಯಿಂದ ಹೊರಟ ತಂತಿ ನೇರವಾಗಿ ಹಾಸಿಗೆಯ ರಜಾಯಿಯೊಳಕ್ಕೆ ಹೋಗಿತ್ತು. ಅಜ್ಜಿ ಕ್ಯಾಮೆರಾದ ಡಬ್ಬಿಯನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಅವಚಿಕೊಂಡು ಕೂತಿದ್ದಳು. ಚಳಿಗಾಲ, ಅವಳಿಗೆ ಬೆಚ್ಚಗಿನದೊಂದು ಸಿಕ್ಕಿತ್ತು.

"ಬೆಚ್ಚಗಿದೆ," ಎಂದಳು ಅಜ್ಜಿ, ನಮ್ಮನ್ನು ಕಂಡು ಖುಷಿಯಾಗಿ.

ನಾನು ಕೈಚಾಚಿದೆ. ಅವಳು ಇನ್ನೂ ಬಿಗಿಯಾಗಿ ಒತ್ತಿಹಿಡಿದಳು. "ಇದು ನಂದು!"

"ಮುಟ್ಬೇಡ್ವೋ, ಇನ್ನೂ ಒತ್ತಿಬಿಡ್ತಾಳೆ," ಎಂದು ಸೂಯಿನ್ ಪಿಸುಗುಟ್ಟಿದಳು. ಮೈಮೇಲಿದ್ದ ದಪ್ಪ ಕೋಟು ಬಿಚ್ಚಿ ಅಜ್ಜಿಯ ತೊಡೆಯ ಮೇಲಿಟ್ಟಳು. "ಅಜ್ಜಿ, ನಂದು ಇದಕ್ಕಿಂತ ಬೆಚ್ಚಗಿದೆ, ಮುಟ್ಟಿ ನೋಡಿ. ಬದಲು ಮಾಡ್ಕೊಳ್ಳೋಣ್ವಾ?"

ಅಜ್ಜಿ ಕೋಟಿನ ತೋಳೊಳಗೆ ಕೈಹಾಕಿ ನೋಡಿದಳು. ವ್ಯಾಪಾರದಲ್ಲಿ ಮೋಸವಿದೆಯೇ ಎಂದು ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಡಬ್ಬಿ ಕೊಟ್ಟಳು. ನಾನು ತಂತಿ ಕಿತ್ತು ಬಚ್ಚಲಿಗೆ ಓಡಿ, ಬೆರಳು ಚುರುಗುಟ್ಟುತ್ತಿದ್ದರೂ ಬ್ಯಾಟರಿ ಎಳೆದು ಬರಿನೆಲಕ್ಕೆ ಹಾಕಿದೆ. ಡಬ್ಬಿಯ ಮುಚ್ಚಳ ಮೆತ್ತಗಾಗಿ ಬಾಗಿತ್ತು.

ಅಷ್ಟರಲ್ಲಿ ತಾತ ಏದುಸಿರು ಬಿಡುತ್ತ ಬಂದ. ಕೊರಳಲ್ಲಿ ಕ್ಷೌರದಂಗಡಿಯ ಬಟ್ಟೆ, ತಲೆಗೂದಲು ಒಂದು ಪಕ್ಕ ಮಾತ್ರ ಕತ್ತರಿಸಿತ್ತು. ಕ್ಷೌರದಂಗಡಿಯ ಗದ್ದಲದಲ್ಲಿ ಫೋನು ಕೇಳಿಸದೆ, ಕ್ಯಾಮೆರಾದ ಸೂಚನೆಯನ್ನೂ ನಮ್ಮ ಕರೆಗಳನ್ನೂ ಆಗಷ್ಟೇ ನೋಡಿ ಎದ್ದು ಓಡಿಬಂದಿದ್ದ.

"ತಪ್ಪು ನಂದು ತಾತ," ಎಂದಳು ಸೂಯಿನ್. "ಟೇಪ್ ಹಾಕೋದು ಮರೆತೆ. ಇನ್ನೊಂಚೂರು ಹೊತ್ತಾಗಿದ್ರೆ ಬೆಂಕಿ ಹತ್ಕೊಳ್ತಿತ್ತು."

ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದುಕೊಂಡೆ. ತಾತ ಕಿಟಕಿಯ ಸರಳು ನೋಡಿದ, ತನ್ನ ಕೈಯಲ್ಲಿದ್ದ ಬೀಗದ ಕೈ ನೋಡಿದ, ಹೊಸ್ತಿಲ ಮೇಲೆ ಕುಸಿದು ಕೂತ.

"ಎರಡು ವರ್ಷದಲ್ಲಿ ಇವತ್ತೇ ಮೊದಲು ಇವಳನ್ನ ಒಬ್ಬಳೇ ಬಿಟ್ಟು ಹೊರಗೆ ಹೋಗಿದ್ದು," ಎಂದ. "ಇನ್ನು ಹೋಗಲ್ಲ ಬಿಡಮ್ಮ."

ಸೂಯಿನ್ ಅಜ್ಜಿಯ ಪಕ್ಕ ಹಾಸಿಗೆಯ ಮೇಲೆ ಕೂತಳು. ಅವಳ ಕೈಯನ್ನು ಅಜ್ಜಿಯೇ ಹಿಡಿದುಕೊಂಡಳು.

"ಅರ್ಧ ತಲೆ ಇಟ್ಕೊಂಡು ಫ್ಯಾನ್ ರಿಪೇರಿಗೆ ಬಂದ್ರೆ ಯಾರು ಒಳಗೆ ಬಿಡ್ತಾರೆ?" ಎಂದಳು ಸೂಯಿನ್ ತಾತನಿಗೆ. "ಹೋಗಿ, ಪೂರ್ತಿ ಮಾಡಿಸ್ಕೊಂಡು ಬನ್ನಿ. ನಾನಿಲ್ಲೇ ಕೂತಿರ್ತೀನಿ."

ತಾತ ಎದ್ದ. ಅಭ್ಯಾಸಬಲದಿಂದ ಬಾಗಿಲೆಳೆದು ಬೀಗಕ್ಕೆ ಕೈಹಾಕಿದ.

"ಬೀಗ ಬೇಡ ತಾತ," ಎಂದಳು ಸೂಯಿನ್.

ಬಾಗಿಲನ್ನು ಮತ್ತೆ ತೆರೆದಿಟ್ಟು, ತಿರುತಿರುಗಿ ನೋಡುತ್ತ ಅವನು ಮೆಟ್ಟಿಲಿಳಿದ.