ಉಂಡು ಹತ್ತಿದ ಸೋಮವಾರಗಳು

ಮಾದಪ್ಪನ ಬೆಟ್ಟದಿಂದ ನಾಗಮಲೆಗೆ ಭಕ್ತರನ್ನು ನಡೆಸಿಕೊಂಡು ಹೋಗುತ್ತಿದ್ದ ನಾವು ಗೈಡುಗಳು ಬೆಳಗಿನ ಐದಕ್ಕೇ ಉಣ್ಣುತ್ತಿದ್ದೆವು. ರಾಗಿಮುದ್ದೆ, ಹುರುಳಿಸಾರು, ಮೇಲೆ ಉಪ್ಪು ಹಾಕಿದ ನೀರುಮಜ್ಜಿಗೆ ಒಂದು ಚೊಂಬು. ಅನ್ನ ಉಂಡರೆ ಎರಡನೇ ಏರಿನಲ್ಲೇ ಕಾಲು ಸೋಲುತ್ತದೆ. ದಾರಿಯಲ್ಲಿ ನೀರು ಒಂದೊಂದೇ ಗುಟುಕು. ಹೊಟ್ಟೆ ತುಂಬ ಕುಡಿದವನು ಕೂತುಬಿಡುತ್ತಾನೆ. ಸೊಂಟದ ಚೀಲದಲ್ಲಿ ಬೆಲ್ಲ ಬೆರೆಸಿದ ಹುರಿಹಿಟ್ಟು. ಇದನ್ನೆಲ್ಲ ನನಗೆ ಕಲಿಸಿದವನು ನನ್ನ ಜೊತೆಗೇ ಗೈಡಾಗಿದ್ದ ಮಾರ್ಟಳ್ಳಿಯ ಗೆಳೆಯ.

ಒಂದು ಸೋಮವಾರ ಕೊಳ್ಳೇಗಾಲದ ಭಕ್ತರು ದಾರಿಯಲ್ಲಿ ಬುತ್ತಿ ಬಿಚ್ಚಿ ನನ್ನನ್ನೂ ಕರೆದರು. ಚಿತ್ರಾನ್ನ ಉಂಡು ಹತ್ತಲಾಗದು ಎನ್ನುವ ಬದಲು, ಮಾದಪ್ಪನ ವ್ರತ, ಸೋಮವಾರ ಒಪ್ಪತ್ತೂ ಉಣ್ಣುವುದಿಲ್ಲ ಎಂದುಬಿಟ್ಟೆ. ಅವರು ನನ್ನ ಕಾಲು ಮುಟ್ಟಿದರು. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು. ಮುಂದಿನ ವಾರದಿಂದ ಬಂದವರೆಲ್ಲ ಉಪವಾಸದ ಗೈಡೇ ಬೇಕೆಂದರು. ನಾನು ಗೆಳೆಯನಿಗೂ ತಿಳಿಯದಂತೆ ಬಾಗಿಲು ಹಾಕಿಕೊಂಡು ಉಂಡು, ಹುರುಳಿಯ ವಾಸನೆ ಹೋಗಲೆಂದು ವೀಳ್ಯದೆಲೆ ಅಗಿದು ಉಗಿದು, ವಿಭೂತಿ ಬಳಿದುಕೊಂಡು ಹೊರಡುತ್ತಿದ್ದೆ.

ನೀನೂ ಉಪವಾಸವೇ ಎಂದು ಜನ ಗೆಳೆಯನನ್ನೂ ಕೇಳತೊಡಗಿದರು. ಸುಳ್ಳು ಹೇಳಲು ಬಾರದವನು. ಸೋಮವಾರ ನಿಜವಾಗಿಯೇ ಉಣ್ಣುವುದು ಬಿಟ್ಟ, ನೀರನ್ನೂ ಬಿಟ್ಟ.

ಬೇಸಿಗೆಯ ಒಂದು ಸೋಮವಾರ ಇಬ್ಬರೂ ದೊಡ್ಡ ಗುಂಪೊಂದನ್ನು ಕರೆದೊಯ್ಯುತ್ತಿದ್ದೆವು. ಕಡಿದಾದ ಏರಿನಲ್ಲಿ ಅವನು ಬಂಡೆಗೆ ಒರಗಿ ಕೂತ. ಹತ್ತಿರ ಹೋದೆ.

"ನನ್ ಕೈಲಿ ಆಯ್ತಿಲ್ಲ ಕಣ್ಲಾ. ಒಟ್ಟೇಲಿ ಏನೂ ಇಲ್ದೆ ನೀ ಎಂಗ್ಲಾ ಅತ್ತೀಯೆ?"

ಹುರಿಹಿಟ್ಟು ನನ್ನ ಅಂಗಿಯ ಒಳಗೇ ಇತ್ತು. ಸುತ್ತ ಭಕ್ತರು ನಿಂತಿದ್ದರು. ಚೀಲ ಬಿಚ್ಚಿದರೆ ನನ್ನ ಸುಳ್ಳೂ ಬಿಚ್ಚಿಕೊಳ್ಳುತ್ತಿತ್ತು. ಮಾದಪ್ಪನನ್ನು ನೆನೆದು ಏಳು ಎಂದೆ. ನಂಬಿ ಎದ್ದ. ಹತ್ತು ಹೆಜ್ಜೆ ಹಾಕಿ, ಕಣ್ಣು ಕತ್ತಲಾಗಿ ಉರುಳಿದ. ಸೊಂಟದ ಮೂಳೆ ಮುರಿಯಿತು. ಆಮೇಲೆ ಅವನು ಬೆಟ್ಟ ಹತ್ತಲಿಲ್ಲ.

ಈಗ ನಾನೂ ಹತ್ತುವುದಿಲ್ಲ. ಆದರೆ ಆ ವ್ರತ ನನ್ನನ್ನು ಬಿಟ್ಟಿಲ್ಲ. ಸೋಮವಾರ ಅವನ ಮನೆಗೆ ಹೋದರೆ ನನಗೆ ಕಾಫಿಯನ್ನೂ ಕೊಡುವುದಿಲ್ಲ. ತನ್ನ ಭಕ್ತಿ ಸಾಲದೆ ತಾನು ಬಿದ್ದದ್ದು ಎಂದು ಅವನು ಬಂದವರಿಗೆಲ್ಲ ಹೇಳುತ್ತಾನೆ. ನಾನು ಅಲ್ಲೇ ಕೂತು ಕೇಳಬೇಕು.

ಕಳೆದ ಸೋಮವಾರ ಯಳಂದೂರಿನಿಂದ ಬಂದಿದ್ದ ನೆಂಟನಿಗೆ ಅದನ್ನೇ ಹೇಳಿದ. ಆ ನೆಂಟ ಎದ್ದು ಹೋದ ಮೇಲೆ, ನನಗೂ ಒಂದು ಮುದ್ದೆ ಇಕ್ಕಮ್ಮ ಎಂದು ಅವನ ಹೆಂಡತಿಯನ್ನು ಕೇಳಿದೆ.

"ಇವತ್ತು ಸ್ವಾಮಾರ ಕಣ್ಲಾ" ಎಂದು ಅವನು ನಕ್ಕ.

"ಎಲ್ಲಾ ಸ್ವಾಮಾರವೂ ಉಂಡೇ ಅತ್ತಿದ್ದೆ ಕಣ್ಲಾ."

ಅವನು ನನ್ನ ಕಡೆಗೆ ತಿರುಗಿ ಕೂತ.

"ಅವತ್ತು ನಿನ್ ತಾವ ಹಿಟ್ಟಿತ್ತಾ?"

ಇತ್ತು ಎಂದೆ.

ಅವನು ಬೈಯಲಿಲ್ಲ. "ಅವ್ನಿಗೆ ಇಕ್ಕಮ್ಮಿ" ಎಂದು ಹೆಂಡತಿಗೆ ಹೇಳಿ, ಊರುಗೋಲು ತೆಗೆದುಕೊಂಡು ಜಗಲಿಗೆ ನಡೆದ. ಆಕೆ ತಟ್ಟೆ ತಂದು ಮುಂದಿಟ್ಟು ಅಲ್ಲೇ ನಿಂತಳು. ನನಗೆ ಉಣ್ಣಲೂ ಆಗಲಿಲ್ಲ, ಏಳಲೂ ಆಗಲಿಲ್ಲ.